ವೆಬ್‌ಸೈಟ್ ಮಾಡಿಸುವವರೇ, ಮೆಟಾ ಟ್ಯಾಗ್‌ಗಳನ್ನು ಪರೀಕ್ಷಿಸದೆ ಕೊನೆಯ ಕಂತು ಕೊಡಬೇಡಿ

ಚಿತ್ರದುರ್ಗದಲ್ಲಿ ನಮ್ಮ ಅಣ್ಣ ಮೊಳಕಾಲ್ಮೂರು ರೇಷ್ಮೆ ಸೀರೆಗಳ ಅಂಗಡಿ ನಡೆಸುತ್ತಾರೆ. ಅಂಗಡಿಯ ವೆಬ್‌ಸೈಟನ್ನು ದಾವಣಗೆರೆಯ ಒಬ್ಬ ಡಿಸೈನರ್‌ಗೆ ವಹಿಸಿದ್ದರು. ಪುಟಗಳು ನೋಡಲು ಅಂದವಾಗಿದ್ದವು, ಪೂರ್ತಿ ಹಣವೂ ಸಂದಾಯವಾಯಿತು. ಆದರೆ ದಸರೆ ದೀಪಾವಳಿಯ ವ್ಯಾಪಾರ ಮುಗಿಯುವವರೆಗೂ, ಅಂಗಡಿಯ ಪೂರ್ಣ ಹೆಸರನ್ನೇ ಬರೆದು ಹುಡುಕಿದರೂ ಗೂಗಲ್‌ನಲ್ಲಿ ನಮ್ಮ ಪುಟ ಸಿಗಲಿಲ್ಲ. ವಿಚಾರಿಸಿದಾಗಲೆಲ್ಲ, ಪ್ರತಿ ತಿಂಗಳು ಎಸ್‌ಇಒ (ಹುಡುಕಾಟದಲ್ಲಿ ಪುಟ ಮೇಲೆ ಬರುವಂತೆ ಮಾಡುವ ಕೆಲಸ) ಶುಲ್ಕ ಕಟ್ಟಿದರೆ ಸರಿಹೋಗುತ್ತದೆ ಎಂಬ ಉತ್ತರ ಬಂತು. ಅಣ್ಣ ಅದನ್ನೂ ಕಟ್ಟುತ್ತಾ ಹೋದರು.

ಪುಟದ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ತೆರೆದು ನೋಡಿದಾಗ ಕಾರಣ ತಿಳಿಯಿತು. ಮೆಟಾ ಟ್ಯಾಗ್ ಎಂದರೆ ಓದುಗರಿಗೆ ಕಾಣದೆ, ಪುಟದ ಬಗ್ಗೆ ಬ್ರೌಸರ್ ಮತ್ತು ಸರ್ಚ್ ಎಂಜಿನ್‌ಗಳಿಗೆ ಮಾಹಿತಿ ಕೊಡುವ ಸಾಲು. ಪ್ರತಿ ಪುಟದ ಮೂಲ ಸಂಕೇತದ ಆರಂಭದ ಹೆಡ್ ಭಾಗದಲ್ಲಿ ರೋಬೋಟ್ಸ್ ಎಂಬ ಮೆಟಾ ಟ್ಯಾಗ್ ಇದ್ದು, ಅದಕ್ಕೆ ನೋಇಂಡೆಕ್ಸ್ ಎಂಬ ಮೌಲ್ಯ ಕೊಡಲಾಗಿತ್ತು. ಈ ಪುಟವನ್ನು ಹುಡುಕಾಟದ ಫಲಿತಾಂಶದಲ್ಲಿ ಸೇರಿಸಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ತಿಳಿಸುವ ಆದೇಶವದು. ಸಿದ್ಧತೆಯ ಹಂತದಲ್ಲಿರುವ ಪುಟ ಹೊರಗೆ ಕಾಣದಿರಲೆಂದು ಅದನ್ನು ಹಾಕುವುದು ಸರಿಯಾದ ಕ್ರಮವೇ. ಪುಟ ಬಳಕೆಗೆ ಬಂದ ದಿನ ತೆಗೆಯದಿರುವುದು ಕರ್ತವ್ಯಲೋಪ. ಅದನ್ನು ತೆಗೆಸಿದ ಮೇಲೂ ಪುಟ ಕಾಣಿಸಲಿಲ್ಲ, ಏಕೆಂದರೆ ಅದರ ಕೆಳಗೇ ಇದ್ದ ಕ್ಯಾನನಿಕಲ್ ಲಿಂಕ್ ನಮ್ಮ ವಿಳಾಸದ ಬದಲು ಆ ಡಿಸೈನರ್‌ನ ಮಾದರಿ ಪುಟದ ವಿಳಾಸವನ್ನು ತೋರಿಸುತ್ತಿತ್ತು. ಒಂದೇ ವಿಷಯ ಹಲವು ವಿಳಾಸಗಳಲ್ಲಿದ್ದಾಗ ಮೂಲ ಯಾವುದೆಂದು ತಿಳಿಸಲು 2009ರಲ್ಲಿ ಗೂಗಲ್, ಯಾಹೂ ಮತ್ತು ಮೈಕ್ರೋಸಾಫ್ಟ್ ಒಟ್ಟಾಗಿ ಬಳಕೆಗೆ ತಂದ ಗುರುತು ಇದು. ಗೂಗಲ್ ಇದನ್ನು ಆಜ್ಞೆಯೆಂದು ಪಾಲಿಸುವುದಿಲ್ಲವಾದರೂ ಬಲವಾದ ಸೂಚನೆಯೆಂದು ಪರಿಗಣಿಸುತ್ತದೆ. ಹೀಗಾಗಿ ನಮ್ಮ ಸೀರೆಗಳ ಪುಟಕ್ಕೆ ಬೇರೊಬ್ಬರ ವಿಳಾಸವೇ ಮೂಲವೆಂದು ನಾವೇ ಬರೆದುಕೊಟ್ಟಂತಾಗಿತ್ತು.

ತಿಂಗಳ ಶುಲ್ಕಕ್ಕೆ ನಡೆದಿದ್ದ ಕೆಲಸವೆಂದರೆ ಕೀವರ್ಡ್ಸ್ ಮೆಟಾ ಟ್ಯಾಗ್‌ನಲ್ಲಿ ಪದಗಳನ್ನು ತುಂಬಿದ್ದು ಮಾತ್ರ. ಪುಟಗಳಿಗೆ ಸ್ಥಾನ ನೀಡಲು ಆ ಟ್ಯಾಗನ್ನು ಬಳಸುವುದಿಲ್ಲವೆಂದು ಗೂಗಲ್ 2009ರ ಸೆಪ್ಟೆಂಬರ್‌ನಲ್ಲೇ ಬಹಿರಂಗವಾಗಿ ಹೇಳಿದೆ. ನನಗೆ ಹೆಚ್ಚು ನೋವು ಕೊಟ್ಟದ್ದು ಆ ಪದಗಳ ಆಯ್ಕೆ. ಕಾಂಚೀಪುರ, ಇಳಕಲ್, ಮೈಸೂರು ಸಿಲ್ಕ್ ಎಂದು ನಾವು ಮಾರದ ಸೀರೆಗಳ ಹೆಸರುಗಳನ್ನೆಲ್ಲ ಅಲ್ಲಿ ಸೇರಿಸಲಾಗಿತ್ತು. ಮೊಳಕಾಲ್ಮೂರು ಸೀರೆಗೆ ತನ್ನದೇ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದನ್ನು ನೇಯುವವರ ಹೆಸರಿನಲ್ಲಿ ವ್ಯಾಪಾರ ಮಾಡುವ ಅಂಗಡಿಯ ಪುಟದಲ್ಲಿ ಇಂತಹ ಸುಳ್ಳು ಇರಬಾರದಿತ್ತು.

ಕನ್ನಡದಲ್ಲಿ ಪುಟ ಮಾಡಿಸುವವರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ದೋಷವೂ ಅಲ್ಲಿತ್ತು. ಡಿಟಿಪಿಯಲ್ಲಿ ಮಾಡಿಸಿದ್ದ ಕರಪತ್ರದ ಬರಹವನ್ನು, ಅಂದರೆ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೆ ಇರುವ ಏಕರೂಪದ ಸಂಕೇತ ವ್ಯವಸ್ಥೆ) ಅಲ್ಲದ ಹಳೆಯ ನುಡಿ ಅಕ್ಷರವಿನ್ಯಾಸದ ಪಠ್ಯವನ್ನು, ಹಾಗೆಯೇ ಟೈಟಲ್ ಮತ್ತು ಡಿಸ್ಕ್ರಿಪ್ಶನ್ ಟ್ಯಾಗ್‌ಗಳಿಗೂ ಅಂಟಿಸಲಾಗಿತ್ತು. ಪುಟದೊಳಗೆ ಆ ಫಾಂಟನ್ನು ಜೋಡಿಸಿದ್ದರಿಂದ ಕನ್ನಡವೇ ಕಾಣುತ್ತಿತ್ತು. ಆದರೆ ಟೈಟಲ್ ಮೂಡುವುದು ಬ್ರೌಸರ್‌ನ ಟ್ಯಾಬ್‌ನಲ್ಲಿ ಮತ್ತು ಹುಡುಕಾಟದ ಪಟ್ಟಿಯಲ್ಲಿ. ಅಲ್ಲಿ ಪುಟದ ಫಾಂಟ್ ಅನ್ವಯವಾಗದ ಕಾರಣ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು ಕಾಣುತ್ತಿತ್ತು. ಪುಟದಲ್ಲಿ ಯುಟಿಎಫ್-8, ಅಂದರೆ ಯೂನಿಕೋಡ್ ಪಠ್ಯ, ಎಂದು ಘೋಷಿಸಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ, ಪಠ್ಯವನ್ನೇ ಯೂನಿಕೋಡ್‌ಗೆ ಪರಿವರ್ತಿಸಬೇಕು. ಇಲ್ಲವಾದರೆ ‘ರೇಷ್ಮೆ ಸೀರೆ’ ಎಂದು ಕನ್ನಡದಲ್ಲಿ ಹುಡುಕುವ ಗ್ರಾಹಕರಿಗೆ ಆ ಪುಟ ಸಿಗುವುದೇ ಇಲ್ಲ. ಜೊತೆಗೆ ಪುಟದ ಭಾಷೆ ಇಂಗ್ಲಿಷ್ ಎಂದು ದಾಖಲಾಗಿತ್ತು. ತೆರೆಯನ್ನು ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದ ಅಂಧ ಓದುಗರಿಗೆ ಇದರಿಂದ ತೊಂದರೆಯಾಗುತ್ತದೆ.

ಆದ್ದರಿಂದ ಕೊನೆಯ ಕಂತು ಕೊಡುವ ಮೊದಲು ಕಂಪ್ಯೂಟರ್‌ನಲ್ಲಿ ಪುಟವನ್ನು ತೆರೆದು, ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, ನೋಇಂಡೆಕ್ಸ್ (noindex) ಮತ್ತು ಕ್ಯಾನನಿಕಲ್ (canonical) ಎಂಬ ಪದಗಳನ್ನು ಇಂಗ್ಲಿಷ್‌ನಲ್ಲಿ ಹುಡುಕಿ. ಮೊದಲನೆಯದು ಇರಬಾರದು, ಎರಡನೆಯದರ ಮುಂದೆ ನಿಮ್ಮದೇ ವಿಳಾಸವಿರಬೇಕು. ಪುಟದ ಜೊತೆ ಸರ್ವರ್ ಕಳಿಸುವ ತೆರೆಮರೆಯ ಮಾಹಿತಿಯಾದ ಹೆಡರ್‌ನಲ್ಲೂ ನೋಇಂಡೆಕ್ಸ್ ಅಡಗಿರಲು ಸಾಧ್ಯವಿದ್ದು, ಅದು ಈ ಮೂಲ ಸಂಕೇತದಲ್ಲಿ ಕಾಣುವುದಿಲ್ಲ. ಹಾಗಾಗಿ ಪುಟ ಹುಡುಕಾಟದಲ್ಲಿ ಸೇರಿದೆಯೇ ಎಂದು ತೋರಿಸುವ, ಉಚಿತವಾಗಿ ದೊರೆಯುವ ಗೂಗಲ್ ಸರ್ಚ್ ಕನ್ಸೋಲ್‌ನ ಖಾತೆಯನ್ನು ನಿಮ್ಮ ಹೆಸರಿನಲ್ಲೇ ತೆರೆದು ಪ್ರತಿ ವಿಳಾಸವನ್ನು ಪರೀಕ್ಷಿಸಿ. ಆ ಖಾತೆ ಡಿಸೈನರ್‌ನ ಕೈಯಲ್ಲಿ ಮಾತ್ರ ಇರಲು ಖಂಡಿತ ಬಿಡಬೇಡಿ.

ಪುಟದ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಮನೆಯವರಿಗೊಮ್ಮೆ ಕಳಿಸಿಯೂ ನೋಡಿ. ನಮ್ಮ ಕೊಂಡಿಯ ಜೊತೆ ಸೀರೆಯ ಬದಲು ಮಾದರಿ ಪುಟದ ಯಾವುದೋ ಹೋಟೆಲ್ ಕೋಣೆಯ ಚಿತ್ರ ಹೋಗುತ್ತಿತ್ತು. ಅದನ್ನು ನಿರ್ಧರಿಸುವುದು ಫೇಸ್‌ಬುಕ್ 2010ರಲ್ಲಿ ತಂದ ಓಪನ್ ಗ್ರಾಫ್ ಟ್ಯಾಗ್‌ಗಳು. ಅವನ್ನು ತಿದ್ದಿಸಿದ ಮೇಲೂ ಫೇಸ್‌ಬುಕ್‌ನಲ್ಲಿ ಹಳೆಯ ಚಿತ್ರವೇ ಬರುತ್ತಿದ್ದರೆ, ಕೊಂಡಿಗಳನ್ನು ಪರೀಕ್ಷಿಸುವ ಅದರ ಶೇರಿಂಗ್ ಡೀಬಗರ್ ಎಂಬ ಸಾಧನದಲ್ಲಿ ನಿಮ್ಮ ವಿಳಾಸ ಹಾಕಿ ಮತ್ತೊಮ್ಮೆ ಓದಿಸಬೇಕಾಗುತ್ತದೆ.