ಫೋನ್ ಹ್ಯಾಂಗ್ ಆದ್ರ ಕ್ಲೀನರ್ರೋ, ಕ್ಯಾಶ್ ಕ್ಲಿಯರ್ರೋ, ಸೇಫ್ ಮೋಡೋ, ರೀಸೆಟ್ಟೋ? ಎಲ್ಲಾ ಮಾಡಿ ನೋಡೀನಿ

ನಮ್ಮ ಕಡೆ ಯಾರಿಗರ "ಫೋನ್ ಭಾಳ ಹ್ಯಾಂಗ್ ಆಗಾಕತ್ತೈತ್ರಿ" ಅಂತ ಹೇಳಿ ನೋಡ್ರಿ, ಅರ್ಧ ಮಂದಿ "ರೀಸೆಟ್ ಹೊಡದ್ಬಿಡ್ರಿ" (ಅಂದ್ರ ಫೋನಿನ್ಯಾಗಿದ್ದದ್ದೆಲ್ಲಾ ಅಳಿಸಿ ಹೊಸದರಂಗ ಮಾಡೂದು) ಅಂತಾರ, ಉಳದ ಅರ್ಧ ಮಂದಿ ಯಾವ್ದೋ ಒಂದು ಕ್ಲೀನರ್ ಆ್ಯಪ್ ಹೆಸರು ಹೇಳ್ತಾರ. ಹುಬ್ಬಳ್ಳಿ ಕೊಪ್ಪೀಕರ್ ರೋಡಿನ ಮೊಬೈಲ್ ಅಂಗಡಿಗೆ ಹೋದ್ರೂ ಅದ, ಧಾರವಾಡ ಸುಭಾಸ ರೋಡಿಗೆ ಹೋದ್ರೂ ಅದ. ಅಂಗಡಿ ಹುಡುಗರದೇನ್ ತಪ್ಪಿಲ್ಲ ಬಿಡ್ರಿ, ಗಿರಾಕಿ ಎದುರಿಗೆ ನಿಂತಾಗ ಲಗೂನ ಮುಗಿಯೂ ಕೆಲಸ ಅಂದ್ರ ರೀಸೆಟ್ಟ. ಆದ್ರ ನಮ್ಮನ್ಯಾಗ ಅವ್ವನ ಫೋನು, ತಂಗಿ ಫೋನು, ಬ್ಯಾಡಗಿ ಮಾಂವನ ಫೋನು, ಏನರ ಕೆಟ್ರ ಎಲ್ಲಾ ನನ್ನ ಕೈಗೇ ಬರ್ತಾವು, ಹಿಂಗಾಗಿ ಒಂದೊಂದ ಉಪಾಯ ಒಂದೊಂದ ಫೋನಿನ ಮ್ಯಾಲೆ ಮಾಡಿ ನೋಡೂ ಯೋಗ ನನಗ ಬಂತು. ಎಲ್ಲಾ ಮಾಡಿದ ಮ್ಯಾಲೆ ನಾ ಹೇಳೂದು ಇಷ್ಟ: ರೀಸೆಟ್ ರೋಗ ಏನಂತ ಹೇಳೂದಿಲ್ಲ, ರೋಗಿನ್ನ ಅಳಿಸಿಬಿಡ್ತೈತಿ. ಮೊದ್ಲ ರೋಗ ಹಿಡೀರಿ.

ರೀಸ್ಟಾರ್ಟ್ ಬಗ್ಗೆ ಬರಿಯೂದ ಏನಿಲ್ಲ, ಮಾಡ್ರಿ ಅಷ್ಟ. ವಾರಗಟ್ಟಲೆ ಫೋನ್ ಆಫ್ ಮಾಡದಿದ್ದವ್ರಿಗೆ ಅದೊಂದ ಸಾಕಾಗೂದೂ ಐತಿ.

ಮೊದ್ಲ ಕ್ಲೀನರ್ ಆ್ಯಪ್ ವಿಷಯ ಮುಗಿಸಿಬಿಡೂಣು. ತಂಗಿ ಫೋನಿನ್ಯಾಗ ಒಂದು ಹಾಕಿ ನೋಡಿದ್ವಿ, ಹೆಸರು ಬ್ಯಾಡ. ತೆಗದ ಕೂಡ್ಲೆ ರಾಕೆಟ್ ಚಿತ್ರ ಹಾರ್ತೈತಿ, "ಇಷ್ಟು ಎಂಬಿ ರ್‍ಯಾಮ್ ಖಾಲಿ ಆತು" ಅಂತ ಬರ್ತೈತಿ, ನೋಡಾಕ ಖುಷಿ ಆಗ್ತೈತಿ (ರ್‍ಯಾಮ್ ಅಂದ್ರ ಚಾಲೂ ಇದ್ದ ಆ್ಯಪ್ ಕೂಡೂ ಮೆಮೊರಿ, ಸ್ಟೋರೇಜ್ ಅಂದ್ರ ಫೋಟೋ, ಫೈಲು ಇಡೂ ಜಾಗಾ). ಆದ್ರ ಆಮ್ಯಾಲೆ ವಾಟ್ಸಾಪ್ ತೆಗದ್ರ ಮೊದಲಿಗಿಂತ ತಡಾ. ಕಾರಣ ಏನಂದ್ರ ಆಂಡ್ರಾಯ್ಡ್ ಬೇಕಂತನ ಆ್ಯಪ್‌ಗಳನ್ನ ರ್‍ಯಾಮಿನ್ಯಾಗ ಹಿಡಕೊಂಡು ಕೂಡ್ತೈತಿ, ಮತ್ತ ತೆಗದಾಗ ಲಗೂ ಬರ್ಲಿ ಅಂತ, ಜಾಗಾ ಬೇಕಾದ್ರ ತಾನ ಬಿಡ್ತೈತಿ. ಕ್ಲೀನರ್ ಬಂದು ಎಲ್ಲಾ ಹೊರಗ ಹಾಕಿದ್ರ ಅವು ಮತ್ತ ಮೊದಲಿಂದ ಶುರು ಆಗ್ಬೇಕು, ಬ್ಯಾಟರಿನೂ ಅದಕ್ಕ ಹೋಗ್ತೈತಿ. ಮ್ಯಾಲೆ ಕ್ಲೀನರ್ ತಾನ ಒಂದು ಆ್ಯಪು, ಅದರದೂ ಜಾಹೀರಾತು, ಅದರದೂ ನೋಟಿಫಿಕೇಶನ್. 2020ರ ಜೂನಿನ್ಯಾಗ ಕೇಂದ್ರ ಸರ್ಕಾರ 59 ಆ್ಯಪ್ ಬ್ಯಾನ್ ಮಾಡ್ತಲ್ಲ, ಎಲ್ಲಾರಿಗೂ ಟಿಕ್‌ಟಾಕ್ ಒಂದ ನೆನಪೈತಿ, ಆದ್ರ ಆ ಪಟ್ಟಿಯೊಳಗ ಕ್ಲೀನ್ ಮಾಸ್ಟರ್, ಡಿಯು ಕ್ಲೀನರ್, ಡಿಯು ಬ್ಯಾಟರಿ ಸೇವರ್ ಇಂಥಾವೂ ಇದ್ದವು.

ಇದರ ಎದುರಿಗೆ ಫೈಲ್ಸ್ ಬೈ ಗೂಗಲ್ ಇಟ್ಟು ನೋಡ್ರಿ. ಅದು ರ್‍ಯಾಮಿನ ತಂಟಿಗೆ ಹೋಗಂಗಿಲ್ಲ, ಬರೇ ಸ್ಟೋರೇಜ್ ನೋಡ್ತೈತಿ. ಡಬಲ್ ಆದ ಫೈಲು, ದೊಡ್ಡ ವಿಡಿಯೋ, ಹಳೇ ಸ್ಕ್ರೀನ್‌ಶಾಟು, ಎಲ್ಲಾ ಬ್ಯಾರೆ ಬ್ಯಾರೆ ಮಾಡಿ ತೋರಿಸ್ತೈತಿ, ಯಾವುದು ತೆಗೀಬೇಕು ಅನ್ನೂದು ನಿಮ್ಮ ಕೈಯಾಗ. ರಾಕೆಟ್ ಇಲ್ಲ, ಏನಿಲ್ಲ. ಇವೆರಡರಾಗ ನನಗ ಅನುಮಾನನ ಇಲ್ಲ, ಫೈಲ್ಸ್ ಇಟ್ಕೋರಿ, ಕ್ಲೀನರ್ ತೆಗೀರಿ. ಸ್ಟೋರೇಜ್ ಯಾಕ ಇಷ್ಟು ಮುಖ್ಯ ಅಂದ್ರ ಒಟ್ಟು ಜಾಗಾದಾಗ 10 ಪರ್ಸೆಂಟಿಗಿಂತ ಕಡಿಮಿ ಖಾಲಿ ಉಳದ್ರ ಫೋನಿಗೆ ತ್ರಾಸ ಶುರು ಆಗಬಹುದು ಅಂತ ಗೂಗಲ್ಲೇ ಹೇಳ್ತೈತಿ. 64 ಜಿಬಿ ಫೋನಂದ್ರ ಒಂದು ಆರು ಜಿಬಿ ಯಾವಾಗಲೂ ಖಾಲಿ ಇರ್ಬೇಕು ಅಂದಂಗ.

ಇನ್ನ ಸೆಟ್ಟಿಂಗ್ಸ್‌ನಾಗ ಆ್ಯಪ್ಸ್‌ಗೆ ಹೋಗಿ ಒಂದು ಆ್ಯಪ್ ಒತ್ತಿದ್ರ ಸ್ಟೋರೇಜ್ ಒಳಗ ಎರಡು ಬಟನ್ ಬರ್ತಾವಲ್ಲ, ಕ್ಲಿಯರ್ ಕ್ಯಾಶ್ ಒಂದು, ಕ್ಲಿಯರ್ ಡೇಟಾ ಒಂದು (ಕೆಲವು ಫೋನಿನ್ಯಾಗ ಕ್ಲಿಯರ್ ಸ್ಟೋರೇಜ್ ಅಂತಿರ್ತೈತಿ). ಬಾಜು ಬಾಜು ಇರ್ತಾವು, ಆದ್ರ ಎರಡಕ್ಕೂ ಸಂಬಂಧನ ಇಲ್ಲ. ಕ್ಯಾಶ್ ಅಂದ್ರ ಆ್ಯಪ್ ತನ್ನ ಅನುಕೂಲಕ್ಕ ಇಟ್ಟುಕೊಂಡಿದ್ದು, ತೆಗದ್ರ ಏನೂ ಹೋಗಂಗಿಲ್ಲ, ಮತ್ತ ತುಂಬತೈತಿ, ಅಂದ್ರ ಜಾಗಾದ ಲೆಕ್ಕದಾಗ ಅದು ನಾಕ ದಿನದ ಸುಖ. ಆದ್ರ ಒಂದು ಆ್ಯಪ್ ತೆಗದ್ರ ಬಿಳೇ ಸ್ಕ್ರೀನ್ ಬರಾಕತ್ತಿದ್ರ, ಫೋಟೋ ಲೋಡ್ ಆಗ್ದಿದ್ರ ಕ್ಯಾಶ್ ಕ್ಲಿಯರ್ ಭಾಳ ಚಲೋ ಕೆಲಸ ಮಾಡ್ತೈತಿ. ಡೇಟಾ ಕ್ಲಿಯರ್ ಹಂಗಲ್ಲ, ಆ್ಯಪ್ ಈಗಷ್ಟ ಇನ್‌ಸ್ಟಾಲ್ ಮಾಡಿದಂಗ ಆಗಿಬಿಡ್ತೈತಿ, ಲಾಗಿನ್ ಹೋಗ್ತೈತಿ, ವಾಟ್ಸಾಪ್‌ಗೆ ಮಾಡಿದ್ರ ಬ್ಯಾಕಪ್ ಇಲ್ಲದ ಚಾಟ್ ಹೋದವು ಅಂತ ತಿಳೀರಿ. ಪೇಮೆಂಟ್ ಆ್ಯಪಿಗೆ ಮಾಡಿದ್ರ ರೊಕ್ಕ ಎಲ್ಲೂ ಹೋಗಂಗಿಲ್ಲ, ರೊಕ್ಕ ಬ್ಯಾಂಕಿನ್ಯಾಗ ಇರ್ತಾವು, ಆದ್ರ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದ ಫೋನಿನ್ಯಾಗ ಇರ್ಬೇಕು, ಅದರಿಂದ ಎಸ್ಸೆಮ್ಮೆಸ್ ಹೋಗಿ ವೆರಿಫೈ ಆಗ್ಬೇಕು, ಸಂತ್ಯಾಗ ನಿಂತು ಮಾಡೂ ಕೆಲಸ ಅಲ್ಲದು. ನಾ ಡೇಟಾ ಕ್ಲಿಯರ್ ಮಾಡೂದು ಪ್ಲೇ ಸ್ಟೋರಿಗೆ ಅಷ್ಟ, ಡೌನ್‌ಲೋಡ್ "ಪೆಂಡಿಂಗ್" ಅಂತ ನಿಂತುಬಿಟ್ಟಾಗ. ಅದಕ್ಕೂ ಮೊದ್ಲ ವೈಫೈ ಮ್ಯಾಲೆ ಮಾತ್ರ ಡೌನ್‌ಲೋಡ್ ಅಂತ ಸೆಟ್ ಆಗೇತೇನು ನೋಡ್ರಿ, ಭಾಳ ಸಲ ಅಷ್ಟ ಇರ್ತೈತಿ.

ಈಗ ಬ್ಯಾಡಗಿ ಮಾಂವನ ಫೋನು. ಮಾಂವ ಮೆಣಸಿನಕಾಯಿ ವ್ಯಾಪಾರದಾಗ ಇರೂದ್ರಿಂದ ಸೀಜನ್‌ನಾಗ ದಿನಾ ಮಾರ್ಕೆಟ್‌ನಾಗ ನಿಂತು ಕಡ್ಡಿ, ಡಬ್ಬಿ ಅನ್ನೂ ಮೆಣಸಿನಕಾಯಿ ತಳಿ ಎಲ್ಲಾದರದೂ ಫೋಟೋ ಹೊಡದು ಗಿರಾಕಿಗಳಿಗೆ ಕಳಸ್ತಾನ, ಬಣ್ಣಾ ಕಾಣ್ಬೇಕಲ್ಲ, ಹಿಂಗಾಗಿ ಒಂದಕ್ಕ ನಾಕ ಫೋಟೋ. "ಸ್ಟೋರೇಜ್ ಫುಲ್" ಅಂತ ಬಂತು, ಗ್ಯಾಲರಿಯೊಳಗಿನ ಹಳೇ ಫೋಟೋ ಎಲ್ಲಾ ತೆಗದ್ರೂ ಜಾಗಾ ಮಾತ್ರ ಅಷ್ಟೇನ್ ಬರ್ಲಿಲ್ಲ. ಯಾರೋ ಹೇಳಿದ್ರು ಅಂತ ಮೆಮೊರಿ ಕಾರ್ಡ್ ತಂದು ಹಾಕಿದ, ಆದ್ರೂ ಫುಲ್ಲ. ಇಲ್ಲೆ ಎರಡು ಸಂಗತಿ ಐತಿ. ವಾಟ್ಸಾಪ್ ತನ್ನ ಫೈಲು ಫೋನಿನ ಒಳಗಿನ ಸ್ಟೋರೇಜ್‌ನಾಗನ ಇಡ್ತೈತಿ, ಕಾರ್ಡಿಗೆ ಕಳಸೂ ಸೆಟ್ಟಿಂಗ್ ಅದರಾಗ ಇಲ್ಲ. ಮತ್ತ ನೀವು ಒಂದು ಫೋಟೋ ಕಳಿಸಿದ್ರ ಅದರದೊಂದು ಕಾಪಿ ವಾಟ್ಸಾಪಿನ ಸೆಂಟ್ ಅನ್ನೂ ಫೋಲ್ಡರ್‌ನಾಗ ಕುಂದರ್ತೈತಿ, ಅದು ಗ್ಯಾಲರಿಯೊಳಗ ಕಾಣಂಗಿಲ್ಲ. ಮಾಂವ ಕ್ಯಾಮೆರಾದ ಫೋಟೋ ಡಿಲೀಟ್ ಮಾಡಿದ ಮಾಡಿದ, ಸೆಂಟ್ ಒಳಗಿನ ಮೆಣಸಿನಕಾಯಿ ಹಂಗ ಉಳಕೊಂಡ್ವು!

ಹಂಗಾರ ಉಪಾಯ ಯಾವುದು? ಮೂರು ಹೋಲಿಸಿ ನೋಡಿದೆ: ವಾಟ್ಸಾಪಿನ ಒಳಗ ತೆಗಿಯೂದು, ಮೆಮೊರಿ ಕಾರ್ಡು, ಗೂಗಲ್ ಫೋಟೋಸ್. ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ಆ್ಯಂಡ್ ಡೇಟಾ ಒಳಗ ಮ್ಯಾನೇಜ್ ಸ್ಟೋರೇಜ್ ಅಂತೈತಿ, ಅಲ್ಲೆ 5 ಎಂಬಿಗಿಂತ ದೊಡ್ಡಾವು ಒಂದು ಕಡೆ, ಭಾಳ ಸಲ ಫಾರ್ವರ್ಡ್ ಆದಾವು ಒಂದು ಕಡೆ, ಕೆಳಗ ಯಾವ ಗ್ರೂಪ್ ಎಷ್ಟು ಜಾಗಾ ತಿಂದೈತಿ ಅಂತ ಸಾಲಾಗಿ ಬರ್ತೈತಿ. ಆಯ್ತು ಮುಗೀತು, ನೀವ ನೋಡ್ರಿ, ಮ್ಯಾಲಿನ ಒಂದೆರಡು ಗ್ರೂಪಿನ್ಯಾಗ ಎಲ್ಲಾ ಇರ್ತೈತಿ, ಗುಡ್ ಮಾರ್ನಿಂಗ್ ವಿಡಿಯೋ, ಒಂದ ಜಾತ್ರಿ ತೇರು ಐದು ಗ್ರೂಪಿನಿಂದ. ಸೆಂಟ್ ಫೋಲ್ಡರ್ರು ಫೈಲ್ಸ್ ಆ್ಯಪ್‌ನಿಂದ ಹೋಗಿ ಡಿಲೀಟ್ ಮಾಡಿದ್ವಿ, ಅದನ್ನ ಡಿಲೀಟ್ ಮಾಡಿದ್ರ ಚಾಟ್‌ನಾಗ ಕಳಿಸಿದ ಫೋಟೋ ಮಸಕು ಆಗ್ತಾವು ಅನ್ನೂದು ತಲ್ಯಾಗ ಇರ್ಲಿ. ಕಾರ್ಡು ಪೂರ್ತಿ ದಂಡ ಅಲ್ಲ, ಕ್ಯಾಮೆರಾ ಸೆಟ್ಟಿಂಗ್‌ನಾಗ ಫೋಟೋ ಕಾರ್ಡಿಗೆ ಹೋಗೂವಂಗ ಮಾಡಿದ್ರ ಹೊಸಾ ಫೋಟೋಕ್ಕ ಜಾಗಾ ಆತು. ಗೂಗಲ್ ಫೋಟೋಸ್ (ಫೋಟೋದ ಕಾಪಿ ಇಂಟರ್ನೆಟ್ ಮ್ಯಾಲೆ ಇಡೂ ಆ್ಯಪ್) ಮಾಂವಗ ಸರಿ ಬರ್ಲಿಲ್ಲ, 15 ಜಿಬಿ ಅಷ್ಟ ಫ್ರೀ, ಅದೂ ಜಿಮೇಲ್, ಡ್ರೈವ್ ಎಲ್ಲಾ ಸೇರಿ, 2024ರಿಂದ ವಾಟ್ಸಾಪ್ ಬ್ಯಾಕಪ್ಪೂ ಅದ 15ರಾಗ ಲೆಕ್ಕ. ಕಡಿಮಿ ಫೋಟೋ ಹೊಡಿಯೂ ಅವ್ವಂಗ ಅದ ಗೂಗಲ್ ಫೋಟೋಸ್ ಭಾಳ ಚಲೋ ಆತು, "ಫ್ರೀ ಅಪ್ ಸ್ಪೇಸ್" ಒತ್ತಿದ್ರ ಬ್ಯಾಕಪ್ ಆದದ್ದನ್ನ ಮಾತ್ರ ಫೋನಿನಿಂದ ತೆಗೀತೈತಿ. ಆದ್ರ ಜ್ವಾಕಿ, ಅದ ಆ್ಯಪಿನೊಳಗ ಫೋಟೋ ಹಿಡದು ಡಿಲೀಟ್ ಒತ್ತಿದ್ರ ಎರಡೂ ಕಡೆಯಿಂದ ಹೋಗ್ತೈತಿ, ಬ್ಯಾಕಪ್ ಆದದ್ದು 60 ದಿನ ಟ್ರ್ಯಾಶ್‌ನಾಗ ಇರ್ತೈತಿ ಅನ್ನೂದೊಂದ ಸಮಾಧಾನ. ಮಾಂವಂಗ ಕೊನಿಗೆ ಆಟೋ ಡೌನ್‌ಲೋಡ್ ಬಂದ್ ಮಾಡಿ ಕೊಟ್ಟೆ. "ಫೋಟೋ ಒತ್ತಿದ್ರ ಅಷ್ಟ ಬರ್ತಾವಲ್ಲೋ ತಮ್ಮಾ" ಅಂತ ಮೊದ್ಲ ಗೊಣಗಿದ, ಈಗ ಸುಮ್ನ ಅದಾನ.

ಅವ್ವನ ಫೋನಿಂದು ಬ್ಯಾರೇನ ಕತಿ. ಜಾಗಾ ಬೇಕಾದಷ್ಟು ಐತಿ, ಆದ್ರ ಲಾಕ್ ತೆಗದ ಕೂಡ್ಲೆ ಪೂರ್ತಿ ಸ್ಕ್ರೀನಿಗೆ ಜಾಹೀರಾತು, ಫೋನ್ ಹಚ್ಚಾಕ ಹೋದ್ರ ಜಾಹೀರಾತು. ಇಂಥಾದಕ್ಕ ಎಲ್ಲಾರೂ "ವೈರಸ್ ಐತಿ, ರೀಸೆಟ್ ಮಾಡ್ರಿ" ಅಂತಾರ. ನಾ ಸೇಫ್ ಮೋಡ್ ಮಾಡಿದೆ. ಪವರ್ ಮೆನು ತೆಗದು, ಪವರ್ ಆಫ್ ಅನ್ನೂದನ್ನ ಒತ್ತಿ ಹಿಡಕೊಂಡ್ರ ಭಾಳಷ್ಟು ಫೋನಿನ್ಯಾಗ ಸೇಫ್ ಮೋಡಿಗೆ ಹೋಗ್ಲೇನು ಅಂತ ಕೇಳ್ತೈತಿ, ಕೆಲವು ಕಂಪನಿ ಫೋನಿಗೆ ಚಾಲೂ ಆಗೂ ಮುಂದ ವಾಲ್ಯೂಮ್ ಡೌನ್ ಹಿಡೀಬೇಕು. ಆಗ ನೀವು ಹಾಕಿಕೊಂಡ ಆ್ಯಪ್ ಒಂದೂ ಓಡಂಗಿಲ್ಲ, ಫೋನಿನ ಜೋಡಿ ಬಂದಾವು ಅಷ್ಟ ಓಡ್ತಾವು, ಮೂಲ್ಯಾಗ ಸೇಫ್ ಮೋಡ್ ಅಂತ ಬರದಿರ್ತೈತಿ. ವಾಟ್ಸಾಪ್ ಕಾಣ್ಲಿಲ್ಲಂತ ಗಾಬ್ರಿ ಆಗಬ್ಯಾಡ್ರಿ, ರೀಸ್ಟಾರ್ಟ್ ಮಾಡಿದ್ರ ಎಲ್ಲಾ ವಾಪಸ್, ಹೋಮ್ ಸ್ಕ್ರೀನಿನ ಮ್ಯಾಲಿನ ವಿಜೆಟ್ (ಗಡಿಯಾರ, ಹವಾಮಾನ ತೋರಸೂ ಡಬ್ಬಿ) ಒಂದೊಂದ ಸಲ ಹೋಗ್ತಾವು ಅದಕ್ಕ ಮೊದ್ಲ ಒಂದು ಸ್ಕ್ರೀನ್‌ಶಾಟ್ ಹೊಡಕೋರಿ. ಸೇಫ್ ಮೋಡಿನ್ಯಾಗ ಜಾಹೀರಾತು ಪೂರ್ತಿ ಬಂದ್. ಅಂದ್ರ ಕಳ್ಳ ಫೋನಿಂದಲ್ಲ, ಹಾಕಿಕೊಂಡ ಯಾವ್ದೋ ಆ್ಯಪಿಂದು. ಸೆಟ್ಟಿಂಗ್ಸ್‌ನಾಗ "ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್" ಅಂತ ಹುಡುಕಿದ್ರ ಯಾರ್‍ಯಾರಿಗೆ ಬ್ಯಾರೆ ಆ್ಯಪಿನ ಮ್ಯಾಲೆ ಬರಾಕ ಪರ್ಮಿಷನ್ ಐತಿ ಅಂತ ಕಾಣ್ತೈತಿ, ಅಲ್ಲೆ ಒಂದು ಟಾರ್ಚ್ ಆ್ಯಪ್ ಕುಂತಿತ್ತು. ಟಾರ್ಚ್‌ಗೆ ಯಾಕ್ರಿ ಆ ಪರ್ಮಿಷನ್? ಫೋನಿನ್ಯಾಗ ಟಾರ್ಚ್ ಬಟನ್ ಇರೂವಾಗ ಆ್ಯಪ್ ಯಾಕ ಅನ್ನೂದು ಬ್ಯಾರೆ ಪ್ರಶ್ನಿ, ಅವ್ವಂಗ ಕೇಳೂ ಧೈರ್ಯ ನನಗಿಲ್ಲ. ಅದನ್ನ ತೆಗದ್ವಿ, ಮುಗೀತು.

ಇದನ್ನ ರೀಸೆಟ್ ಜೋಡಿ ಇಟ್ಟು ನೋಡ್ರಿ. ಸೇಫ್ ಮೋಡ್ ಒಂದು ಚಾ ಕುಡಿಯೂದ್ರಾಗ ಆಗ್ತೈತಿ, ಹೋಗೂದು ಏನಿಲ್ಲ, ಕಾರಣ ಸಿಗ್ತೈತಿ. ನನ್ನ ಫೋನಿಗೆ ರೀಸೆಟ್ ಮಾಡಿದಾಗ ಒಂದು ಸಂಜಿ ಪೂರ್ತಿ ಹೋತು, ಬ್ಯಾಂಕಿನ ಆ್ಯಪ್ ಎಲ್ಲಾ ಮತ್ತ ಮೊದಲಿಂದ, ಮತ್ತ ಬ್ಯಾಕಪ್ ವಾಪಸ್ ತಂದಾಗ ಹಳೇ ಆ್ಯಪ್ ಎಲ್ಲಾ ತಾವ ಇನ್‌ಸ್ಟಾಲ್ ಆಗಾಕ ಶುರು ಮಾಡಿದ್ವು. ಅವ್ವನ ಫೋನಿಗೆ ಹಂಗ ಮಾಡಿದ್ರ ಟಾರ್ಚೂ ವಾಪಸ್ ಬರ್ತಿತ್ತು! ರೀಸೆಟ್ ಆದ ಫೋನ್ ಚಲೋ ಓಡೂದು ಖರೇ, ಆದ್ರ ಅದು ಖಾಲಿ ಐತಿ ಅದಕ್ಕ ಓಡ್ತೈತಿ. ಅಪ್‌ಡೇಟ್ ಬಂದ ಮ್ಯಾಲೆ ಫೋನ್ ನಿಧಾನ ಆತು ಅನ್ನವ್ರು ಇನ್ನೊಂದು ತಿಳ್ಕೋರಿ, ರೀಸೆಟ್ ಹಳೇ ಆಂಡ್ರಾಯ್ಡ್ ವಾಪಸ್ ತರೂದಿಲ್ಲ, ಅಪ್‌ಡೇಟ್ ಹಂಗ ಇರ್ತೈತಿ.

ರೀಸೆಟ್ ಮಾಡ್ಲೇಬೇಕು ಅಂದ್ರ ಮೊದ್ಲ ಜಿಮೇಲ್ ಪಾಸ್‌ವರ್ಡ್ ಗೊತ್ತೈತೇನು ನೋಡ್ರಿ. ನಮ್ಮ ಕಡೆ ಎಷ್ಟೋ ಮಂದಿದು ಫೋನ್ ತಗೊಂಡ ದಿನ ಅಂಗಡ್ಯಾಗ ಯಾರೋ ಮಾಡಿಕೊಟ್ಟ ಜಿಮೇಲ್ ಇರ್ತೈತಿ, ಪಾಸ್‌ವರ್ಡ್ ದೇವ್ರಿಗೇ ಗೊತ್ತು. ಆಂಡ್ರಾಯ್ಡ್ 5.1 ಬಂದಾಗಿಂದ ಕಳ್ಳತನ ತಪ್ಪಿಸಾಕ ಒಂದು ಲಾಕ್ ಐತಿ, ಸೆಟ್ಟಿಂಗ್ಸ್ ಬಿಟ್ಟು, ಬಟನ್ ಒತ್ತಿ ಹಿಡದಾಗ ಬರೂ ರಿಕವರಿ ಮೆನುದಿಂದ ರೀಸೆಟ್ ಮಾಡಿದ್ರ ಚಾಲೂ ಆದ ಮ್ಯಾಲೆ ಮೊದಲಿನ ಗೂಗಲ್ ಅಕೌಂಟ್ ಕೇಳ್ತೈತಿ, ಗೊತ್ತಿಲ್ಲಂದ್ರ ನಿಮ್ಮ ಫೋನಿನ ಮುಂದ ನೀವ ಕಳ್ಳ. ಆಮ್ಯಾಲೆ ಕಾಂಟ್ಯಾಕ್ಟ್ಸ್ ಫೋನಿನ್ಯಾಗ ಅಷ್ಟ ಸೇವ್ ಆಗ್ಯಾವೋ, ಗೂಗಲ್‌ನಾಗ ಅದಾವೋ ನೋಡ್ರಿ. ವಾಟ್ಸಾಪ್ ದಿನಾ ನಸಕಿನ್ಯಾಗ 2 ಗಂಟೇಕ್ಕ ಬ್ಯಾಕಪ್ ತಗೀತೈತಿ ಅಂತ ಧೈರ್ಯದಾಗ ಇರಬ್ಯಾಡ್ರಿ, ಅದು ಅದ ಫೋನಿನ ಒಳಗ ಇರ್ತೈತಿ, ರೀಸೆಟ್ ಆದ್ರ ಅದೂ ಹೋಗ್ತೈತಿ, ಗೂಗಲ್ ಡ್ರೈವಿಗೆ ಬ್ಯಾರೆ ಬ್ಯಾಕಪ್ ತಗೀಬೇಕು. ಫೋನ್ ಮಾರೂ ಮುಂದ, ಯಾರಿಗರ ಕೊಡೂ ಮುಂದ ರೀಸೆಟ್ ಬೇಕ ಬೇಕು, ಅಲ್ಲೆ ನನ್ನ ತಕರಾರಿಲ್ಲ.

ಅದರಂಗ ಒಂದು ಆ್ಯಪ್ ನಿನ್ನಿವರೆಗೂ ಚಲೋ ಇದ್ದು ಇವತ್ತು ತೆಗದ ಕೂಡ್ಲೆ ಬಂದ್ ಆಗಾಕತ್ತಿದ್ರ ತಪ್ಪು ಫೋನಿಂದ ಅಂತ ತಿಳೀಬ್ಯಾಡ್ರಿ. 2021ರ ಮಾರ್ಚಿನ್ಯಾಗ ಜಗತ್ತಿನ ತುಂಬ ಎಷ್ಟೋ ಆಂಡ್ರಾಯ್ಡ್ ಫೋನಿನ್ಯಾಗ ಜಿಮೇಲ್ ಸಹಿತ ಭಾಳಷ್ಟು ಆ್ಯಪ್ ಹಂಗ ಬೀಳಾಕತ್ತಿದ್ವು, ಕಾರಣ ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ ಅನ್ನೂ, ಆ್ಯಪ್ ಒಳಗ ವೆಬ್ ಪೇಜ್ ತೋರಸೂ ಒಂದು ಭಾಗದ ಗೊಂದಲ. ಆಗ ರೀಸೆಟ್ ಮಾಡಿದವ್ರು ಸುಮ್ನ ಫೋನ್ ಖಾಲಿ ಮಾಡಿಕೊಂಡ್ರು, ವೆಬ್‌ವ್ಯೂದ ಅಪ್‌ಡೇಟ್ ಅನ್‌ಇನ್‌ಸ್ಟಾಲ್ ಮಾಡಿದವ್ರದು ಸರಿ ಆತು, ಮುಂದ ಗೂಗಲ್ ಹೊಸಾ ಅಪ್‌ಡೇಟ್ ಬಿಟ್ತು. ಎಲ್ಲಾರದೂ ಒಮ್ಮೆಲೇ ಕೆಟ್ಟೈತಿ ಅಂದ್ರ ಸ್ವಲ್ಪ ತಡೀರಿ, ಪ್ಲೇ ಸ್ಟೋರಿನ್ಯಾಗ ಅಪ್‌ಡೇಟ್ ಬಂತೇನು ನೋಡ್ರಿ. ನೆಟ್ವರ್ಕ್ ತ್ರಾಸಿಗೂ ಹಂಗ, ವೈಫೈ, ಬ್ಲೂಟೂತ್ ಹತ್ತವಲ್ಲವು ಅಂದ್ರ ಬರೇ ನೆಟ್ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಅಂತ ಬ್ಯಾರೇನ ಐತಿ, ಅದರಾಗ ವೈಫೈ ಪಾಸ್‌ವರ್ಡ್ ಹೋಗ್ತಾವು, ಫೋಟೋ ಗೀಟೋ ಏನೂ ಹೋಗಂಗಿಲ್ಲ.

ಸೇಫ್ ಮೋಡಿನ್ಯಾಗೂ ನಿಧಾನ, ಜಾಗಾನೂ ಖಾಲಿ ಐತಿ, ರೀಸೆಟ್ ಮಾಡಿದ್ರೂ ಅದ ಹಾಡು ಅಂದ್ರ ಭಾಳ ಸಲ ಅದು ಸಾಫ್ಟ್‌ವೇರಿನ ಮಾತಲ್ಲ. 2 ಜಿಬಿ ರ್‍ಯಾಮಿನ ಹಳೇ ಫೋನಿಗೆ ಈಗಿನ ಆ್ಯಪ್ ಭಾರ ಆಗ್ತಾವು, ಸೆಟ್ಟಿಂಗ್‌ನಾಗ ಎಕ್ಸ್‌ಟ್ರಾ ರ್‍ಯಾಮ್ ಅಂತ ಕೊಡ್ತಾರಲ್ಲ, ಅದು ಸ್ಟೋರೇಜಿನ ಜಾಗಾ ತಗೊಂಡು ರ್‍ಯಾಮ್ ಅಂತ ತೋರಸೂದು, ಖರೇ ರ್‍ಯಾಮಿನಷ್ಟು ಲಗೂ ಇರೂದಿಲ್ಲ, ಜಾಗಾ ಕಡಿಮಿ ಇದ್ದ ಫೋನಿನ್ಯಾಗ ನಾ ಅದನ್ನ ಬಂದ್ ಮಾಡಿಬಿಡ್ತೀನಿ. ಮತ್ತ ಫೋನಿನ ಹಿಂದಿನ ಕವರ್ ಎದ್ದಂಗ ಕಂಡ್ರ, ಸ್ಕ್ರೀನ್ ಒಂದು ಬಾಜು ಮ್ಯಾಲೆ ಬಂದಂಗ ಕಂಡ್ರ ಬ್ಯಾಟರಿ ಉಬ್ಬಿರ್ತೈತಿ, ಅದಕ್ಕ ಮ್ಯಾಲಿನ ಒಂದೂ ಉಪಾಯ ಬ್ಯಾಡ, ಚಾರ್ಜಿಗೆ ಹಾಕದ ಸ್ವಿಚ್ ಆಫ್ ಮಾಡಿ ಸೀದಾ ಸರ್ವಿಸ್ ಸೆಂಟರಿಗೆ ಒಯ್ಯಿರಿ.