ಪಬ್ಲಿಷ್ ಆದ ಮೇಲೆ ಟ್ಯಾಗ್ ಮುಟ್ಟಬೇಡಿ: ಎಲ್ಮ್ ಪ್ಯಾಕೇಜ್ ಹಂಚುವವರಿಗೆ ಒಂದು ಎಚ್ಚರಿಕೆ

ವೆಬ್ ಆ್ಯಪ್ ಬರೆಯುವ ಭಾಷೆಯಾದ ಎಲ್ಮ್‌ನಲ್ಲಿ ಪ್ಯಾಕೇಜ್ (ಬೇರೆಯವರೂ ಬಳಸಬಹುದಾದ ಕೋಡ್) ಬರೆದು ಹಂಚುವವರು ದಯವಿಟ್ಟು ಇದನ್ನು ಓದಿ. ಆಗಲೇ ಪಬ್ಲಿಷ್ ಆಗಿದ್ದ ವರ್ಷನ್‌ನ ಗಿಟ್ ಟ್ಯಾಗನ್ನು (ಕೋಡ್‌ನ ಒಂದು ಹಂತಕ್ಕೆ ಅಂಟಿಸುವ ಹೆಸರು) ನಾನು ಬೇರೆ ಕಮಿಟ್‌ಗೆ, ಅಂದರೆ ಕೋಡ್ ಉಳಿಸಿಟ್ಟ ಬೇರೆ ಹಂತಕ್ಕೆ, ಸರಿಸಿದೆ. ಅಷ್ಟಕ್ಕೇ ಆ ಪ್ಯಾಕೇಜನ್ನು ಹೊಸಬರು ಯಾರೂ ಇನ್‌ಸ್ಟಾಲ್ ಮಾಡಲಾಗದಂತಾಯಿತು. ನನ್ನ ಕಂಪ್ಯೂಟರಿನಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇತ್ತು.

ಫಾರ್ಮ್‌ನಲ್ಲಿ ತುಂಬಿದ ವಿವರ ಸರಿಯಿದೆಯೇ ಎಂದು ನೋಡುವ ಚಿಕ್ಕ ಲೈಬ್ರರಿ ಅದು. ಪಬ್ಲಿಷ್ ಮಾಡುವಾಗ ಎಲ್ಮ್ ಕೇಳುವುದು ಕಡಿಮೆಯೇನಲ್ಲ. ರೀಡ್‌ಮಿ ಬೇಕು, ಲೈಸೆನ್ಸ್ ಬೇಕು, ಹೊರಗೆ ಕಾಣುವ ಪ್ರತಿ ಫಂಕ್ಷನ್‌ಗೂ ಡಾಕ್ ಕಾಮೆಂಟ್ ಬೇಕು, ಮೊದಲ ವರ್ಷನ್ 1.0.0 ಆಗಿರಬೇಕು, ಅದೇ ಹೆಸರಿನ ಟ್ಯಾಗ್ ಕೋಡ್ ಇಡುವ ಸೈಟ್ ಆದ ಗಿಟ್‌ಹಬ್‌ನಲ್ಲಿರಬೇಕು. ಎಲ್ಲ ದಾಟಿ ಪಬ್ಲಿಷ್ ಆದ ಹತ್ತೇ ನಿಮಿಷಕ್ಕೆ, ರೀಡ್‌ಮಿಯ ಉದಾಹರಣೆಯಲ್ಲಿ ಒಂದು ಫಂಕ್ಷನ್ನಿನ ಹೆಸರು ತಪ್ಪಿರುವುದು ಕಣ್ಣಿಗೆ ಬಿತ್ತು. ಕೋಡ್ ಅಲ್ಲವಲ್ಲ, ಬರೀ ರೀಡ್‌ಮಿ ಅಂದುಕೊಂಡೆ. ತಿದ್ದಿ, ಹಳೆಯ ಕಮಿಟನ್ನೇ ಅಮೆಂಡ್ ಮಾಡಿ (ಅದರ ಜಾಗದಲ್ಲಿ ಹೊಸದನ್ನಿಟ್ಟು), 1.0.0 ಟ್ಯಾಗನ್ನು ಹೊಸ ಕಮಿಟ್‌ಗೆ ಹಾಕಿ ಫೋರ್ಸ್ ಪುಶ್ ಮಾಡಿದೆ, ಅಂದರೆ ಗಿಟ್‌ಹಬ್‌ನಲ್ಲಿದ್ದುದರ ಬದಲು ಇದನ್ನು ಒತ್ತಾಯದಿಂದ ಹಾಕಿದೆ. ಪ್ಯಾಕೇಜ್ ಸೈಟ್‌ನಲ್ಲಿ ಹಳೆಯ ರೀಡ್‌ಮಿಯೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಬದಲಾಗಬಹುದು ಎಂದು ಸುಮ್ಮನಾದೆ. ಅದು ಬದಲಾಗುವುದಿಲ್ಲ. ಪಬ್ಲಿಷ್ ಆದ ಕ್ಷಣದಲ್ಲಿ ಏನಿತ್ತೋ ಅದೇ ಅಲ್ಲಿ ಉಳಿಯುತ್ತದೆ. ನಾನು ಅಲ್ಲಿಯೇ ಎಚ್ಚೆತ್ತುಕೊಳ್ಳಬೇಕಿತ್ತು.

ಮೂರನೆಯ ದಿನ ಒಬ್ಬರು ಇನ್‌ಸ್ಟಾಲ್ ಆಗುತ್ತಿಲ್ಲ ಎಂದು ಬರೆದರು. ನನ್ನಲ್ಲಿ ಬಿಲ್ಡ್ ಮಾಡಿ ನೋಡಿದರೆ ತೊಂದರೆಯೇ ಇಲ್ಲ. ಪ್ರಾಜೆಕ್ಟ್‌ನೊಳಗಿನ ಎಲ್ಮ್-ಸ್ಟಫ್ ಫೋಲ್ಡರ್ ಅಳಿಸಿ ನೋಡಿ ಎಂದೆ. ಆಗಲಿಲ್ಲ. ಹಾಗಾದರೆ ಹೋಮ್‌ನಲ್ಲಿರುವ .ಎಲ್ಮ್ ಫೋಲ್ಡರನ್ನೂ ಅಳಿಸಿ ಎಂದೆ. ಈ ಮಾತಿಗೆ ನನಗೆ ಇಂದಿಗೂ ಬೇಸರವಿದೆ. ಟ್ಯಾಗ್ ಸರಿಸುವ ಮೊದಲೇ ಅವರು ನನ್ನ ಪ್ಯಾಕೇಜನ್ನು ಇನ್ನೊಂದು ಪ್ರಾಜೆಕ್ಟ್‌ನಲ್ಲಿ ಬೇರೆ ಕಂಪ್ಯೂಟರ್‌ನಲ್ಲಿ ಬಳಸುತ್ತಿದ್ದರು, ಅಲ್ಲಿ ಅದು ನಡೆಯುತ್ತಿತ್ತು. ನನ್ನ ಮಾತು ಕೇಳಿ ಎರಡೂ ಕಡೆ ಅಳಿಸಿದರು. ಉಳಿದ ಪ್ಯಾಕೇಜ್‌ಗಳೆಲ್ಲ ಮತ್ತೆ ಡೌನ್‌ಲೋಡ್ ಆದವು, ನನ್ನದೊಂದು ಬರಲಿಲ್ಲ. ನಡೆಯುತ್ತಿದ್ದ ಪ್ರಾಜೆಕ್ಟೂ ನಿಂತಿತು.

ಆಮೇಲಷ್ಟೇ ಅವರು ಕಳಿಸಿದ್ದ ಎರರ್ ಮೆಸೇಜನ್ನು ಪೂರ್ತಿ ಓದಿದೆ. ‘ಕರಪ್ಟ್ ಪ್ಯಾಕೇಜ್ ಡೇಟಾ’ ಎಂಬ ತಲೆಬರಹ, ಕೆಳಗೆ ಒಂದಕ್ಕೊಂದು ಹೊಂದದ ಎರಡು ಹ್ಯಾಷ್ (ಫೈಲ್‌ನಲ್ಲಿರುವುದರಿಂದ ಲೆಕ್ಕಹಾಕಿದ ಗುರುತು). ಎಲ್ಮ್ ಕಂಪೈಲರ್‌ನ ಎರರ್‌ಗಳು ಎಷ್ಟು ಬಿಡಿಸಿ ಹೇಳುತ್ತವೆ ಎಂಬುದು ಎಲ್ಮ್ ಬಳಸುವವರಿಗೆಲ್ಲ ಗೊತ್ತು. ಉತ್ತರ ಮೊದಲ ದಿನದಿಂದಲೂ ಅದರಲ್ಲೇ ಇತ್ತು.

ಪ್ಯಾಕೇಜ್ ಸೈಟ್ ನಮ್ಮ ಕೋಡನ್ನು ಇಟ್ಟುಕೊಳ್ಳುವುದಿಲ್ಲ. ರೀಡ್‌ಮಿ, ಡಾಕ್ಯುಮೆಂಟೇಶನ್, ಪ್ಯಾಕೇಜ್ ವಿವರದ ಫೈಲ್ ಆದ ಎಲ್ಮ್.ಜೇಸನ್, ಜೊತೆಗೆ ಗಿಟ್‌ಹಬ್‌ನಲ್ಲಿ ಆ ಟ್ಯಾಗ್‌ಗೆ ಸಿಗುವ ಜಿಪ್ ಫೈಲ್‌ನ ವಿಳಾಸ ಮತ್ತು ಅದರ ಶಾ-1 ಹ್ಯಾಷ್ ಮಾತ್ರ ಅಲ್ಲಿರುತ್ತವೆ. ಇನ್‌ಸ್ಟಾಲ್ ಮಾಡುವವರ ಕಂಪ್ಯೂಟರ್ ಗಿಟ್‌ಹಬ್‌ನಿಂದಲೇ ಜಿಪ್ ತಂದು ಹ್ಯಾಷ್ ತಾಳೆ ನೋಡುತ್ತದೆ. ರೀಡ್‌ಮಿಯಲ್ಲಿ ಒಂದು ಅಕ್ಷರ ಬದಲಾದರೂ ಜಿಪ್ ಬೇರೆ, ಹ್ಯಾಷ್ ಬೇರೆ. ಯಾರೋ ಕದ್ದುಮುಚ್ಚಿ ಕೋಡ್ ಬದಲಿಸಿದರೂ ಹೀಗೇ ಕಾಣುತ್ತದೆ, ಆದ್ದರಿಂದ ಕಂಪೈಲರ್ ನಿಲ್ಲಿಸಿದ್ದು ಸರಿಯೇ. ಒಮ್ಮೆ ಡೌನ್‌ಲೋಡ್ ಮಾಡಿಕೊಂಡವರ ಕ್ಯಾಶ್‌ನಲ್ಲಿ, ಅಂದರೆ ಆ .ಎಲ್ಮ್ ಫೋಲ್ಡರ್‌ನಲ್ಲಿ, ಹಳೆಯ ಪ್ರತಿ ಇರುವುದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ನನಗೆ ತಿಳಿಯದೇ ಹೋದದ್ದೂ ಹಾಗೆಯೇ. ಆ ಫೋಲ್ಡರ್ ಎಲ್ಲಿದೆ ಎಂದು ಹೇಳುವ ಎಲ್ಮ್ ಹೋಮ್ ಎನ್ವಿರಾನ್‌ಮೆಂಟ್ ವೇರಿಯಬಲನ್ನು ಒಂದು ಖಾಲಿ ಫೋಲ್ಡರ್‌ಗೆ ತಿರುಗಿಸಿ ಬಿಲ್ಡ್ ಮಾಡಿದ ಕೂಡಲೇ ನನ್ನಲ್ಲೂ ಅದೇ ಎರರ್ ಬಂತು. ಈಗ ಯಾವುದನ್ನು ಪಬ್ಲಿಷ್ ಮಾಡಿದರೂ ಹೀಗೊಮ್ಮೆ ನೋಡದೆ ಏಳುವುದಿಲ್ಲ. ಯಾರದ್ದೂ ಕ್ಯಾಶ್ ಅಳಿಸಿ ಎಂದು ಹೇಳುವ ಮೊದಲು ನೀವೂ ಇದನ್ನು ಮಾಡಿ ನೋಡಿ.

ಸರಿಪಡಿಸಲು ಒಂದೇ ದಾರಿ: ಟ್ಯಾಗನ್ನು ಮೊದಲಿದ್ದ ಕಮಿಟ್‌ಗೇ ಹಿಂದಿರುಗಿಸಬೇಕು. ಅಮೆಂಡ್ ಮಾಡಿದ್ದರಿಂದ ಆ ಕಮಿಟ್ ಬ್ರಾಂಚ್‌ನಲ್ಲಿರಲಿಲ್ಲ. ನನ್ನ ಕಂಪ್ಯೂಟರಿನ ಗಿಟ್ ರೆಫ್‌ಲಾಗ್‌ನಲ್ಲಿ (ಹಿಂದೆ ಇದ್ದ ಕಮಿಟ್‌ಗಳ ದಾಖಲೆ) ಸಿಕ್ಕಿತು. ಬ್ರಾಂಚ್‌ನಿಂದ ಕಳಚಿದ ಕಮಿಟ್‌ಗಳ ನಮೂದನ್ನು ಗಿಟ್ ಸಾಮಾನ್ಯವಾಗಿ 30 ದಿನ ಮಾತ್ರ ಉಳಿಸಿಕೊಳ್ಳುತ್ತದೆ, ತಡಮಾಡಿದ್ದರೆ ಅದೂ ಕೈತಪ್ಪುತ್ತಿತ್ತು. ಪಬ್ಲಿಷ್ ಆದ ವರ್ಷನ್ ಅಳಿಸುವ ಕಮಾಂಡ್ ಎಲ್ಮ್‌ನಲ್ಲಿಲ್ಲ, ಹಾಗಾಗಿ ಕಮಿಟ್ ಸಿಗದಿದ್ದರೆ 1.0.0 ಮುರಿದೇ ಉಳಿಯುತ್ತಿತ್ತು. ರೆಪೊಸಿಟರಿಯನ್ನೇ ಅಳಿಸಿದರೂ ಹೊಸದಾಗಿ ಇನ್‌ಸ್ಟಾಲ್ ಮಾಡುವವರ ಗತಿ ಇದೇ.

ಹಳೆಯ ಟ್ಯಾಗ್ ಪುಶ್ ಆದ ಮೇಲೆ ಅವರಿಗೆ ಬರೆದು ಕ್ಷಮೆ ಕೇಳಿದೆ. ರೀಡ್‌ಮಿಯ ತಿದ್ದುಪಡಿಯನ್ನು ಹೊಸ ಕಮಿಟ್ ಮಾಡಿ, ಮುಂದಿನ ವರ್ಷನ್ ಸಂಖ್ಯೆ ನಿರ್ಧರಿಸುವ ಎಲ್ಮ್ ಬಂಪ್ ಕಮಾಂಡ್ ಓಡಿಸಿದೆ. ಎಪಿಐ (ಹೊರಗೆ ಕಾಣುವ ಫಂಕ್ಷನ್‌ಗಳು) ಬದಲಾಗಿಲ್ಲ ಎಂದು ಕಂಡು ಅದೇ 1.0.1 ಎಂದು ಬರೆದುಕೊಂಡಿತು. ಟ್ಯಾಗ್ ಹಾಕಿ ಪಬ್ಲಿಷ್ ಮಾಡಲು ಎರಡು ನಿಮಿಷವೂ ಹಿಡಿಯಲಿಲ್ಲ.