ಹಳದಿಗಟ್ಟಿದ ಹೆಡ್‌ಲೈಟ್: ಟೂತ್‌ಪೇಸ್ಟ್, ಕಾಂಪೌಂಡ್, ಕಿಟ್, ವಾಟರ್ ಪೇಪರ್ ಇವುಗಳಲ್ಲಿ ಯಾವುದು ನಿಲ್ಲುತ್ತದೆ?

ವಾಟರ್ ಪೇಪರಿನಲ್ಲಿ, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ, ಹಳೇ ಪದರವನ್ನು ಪೂರ್ತಿ ತೆಗೆದು, ಮೇಲೆ 2ಕೆ ಕ್ಲಿಯರ್ (ಹಾರ್ಡನರ್ ಬೆರೆತು ಗಟ್ಟಿಯಾಗುವ ಪಾರದರ್ಶಕ ಸ್ಪ್ರೇ ಲೇಪ) ಹೊಡೆಯುವುದು. ಮಂಕಾದ ಪ್ಲಾಸ್ಟಿಕ್ ಹೆಡ್‌ಲೈಟಿಗೆ ನನ್ನ ಮತ ಇದಕ್ಕೇ. ಹತ್ತು ವರ್ಷ ದಾಟಿದ, ನೆರಳಿಲ್ಲದ ರಸ್ತೆ ಬದಿಯಲ್ಲೇ ನಿಲ್ಲುವ ಹ್ಯಾಚ್‌ಬ್ಯಾಕಿನ ಮೇಲೆ ಉಳಿದ ದಾರಿಗಳನ್ನೂ ನೋಡಿದ್ದಾಯಿತು. ಎಲ್ಲವೂ ಮೊದಲ ದಿನ ಹೊಳೆಯುತ್ತವೆ, ಆದರೆ ಒಂದು ಬೇಸಿಗೆ ಕಳೆದ ಮೇಲೆ ಉಳಿಯುವುದು ಇದೊಂದೇ.

ಅಂಬಾಸಡರ್ ಕಾಲದ ಗಾಜಿನ ಲೈಟಿಗೆ ಈ ರೋಗ ಇರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. ಕಲ್ಲು ಸಿಡಿದರೂ ಸುಲಭಕ್ಕೆ ಒಡೆಯುವುದಿಲ್ಲ, ಆದರೆ ಬಿಸಿಲಿನ ಅಲ್ಟ್ರಾವೈಲೆಟ್ ತಡೆಯಲಾರದು. ಅದಕ್ಕೇ ಕಂಪನಿಯಲ್ಲಿ ಮೇಲೊಂದು ಗಟ್ಟಿ ಪಾರದರ್ಶಕ ಪದರ ಕೊಟ್ಟಿರುತ್ತಾರೆ. ಹಾಳಾಗುವುದು ಮೊದಲು ಆ ಪದರ, ಆಮೇಲೆ ಅದರಡಿಯ ಪ್ಲಾಸ್ಟಿಕ್. ಲೈಟನ್ನು ಸರಿಯಾಗಿ ಗಮನಿಸಿ: ಆಕಾಶಕ್ಕೆ ಮುಖ ಮಾಡಿದ ಮೇಲಿನ ಅಂಚು ಮೊದಲು ಹಳದಿಯಾಗಿರುತ್ತದೆ, ಬಂಪರ್ ಪಕ್ಕದ ಕೆಳಭಾಗ ಇನ್ನೂ ಚೆನ್ನಾಗಿರುತ್ತದೆ. ಮುಂದೆ ಬರುವ ತಲೆನೋವೆಲ್ಲ ಇಲ್ಲಿಂದಲೇ.

ಟೂತ್‌ಪೇಸ್ಟ್ ಮೇಲಿನ ಮಂಕನ್ನಷ್ಟೇ ಒರೆಸುತ್ತದೆ. ಮೂರ್ನಾಲ್ಕು ವಾರಕ್ಕೆ ಮತ್ತೆ ಅದೇ ಕಥೆ. ಅಡುಗೆ ಸೋಡಾ, ವಿನಿಗರ್ ಅಷ್ಟೂ ಮಾಡುವುದಿಲ್ಲ.

ಬರೀ ರಬ್ಬಿಂಗ್ ಕಾಂಪೌಂಡ್ (ಪೇಂಟ್ ಉಜ್ಜಿ ಹೊಳಪು ತರುವ ಪೇಸ್ಟ್) ಟೂತ್‌ಪೇಸ್ಟಿಗಿಂತ ಮೇಲು. ಮಂಕು ಈಗಷ್ಟೇ ಶುರುವಾಗಿದ್ದರೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಒಂದೊಂದು ಲೈಟಿಗೆ ಹದಿನೈದು ನಿಮಿಷ ಉಜ್ಜಿದರೆ ಸಾಕು. ಉಗುರಿಗೆ ಒರಟಾಗಿ ಸಿಗುವ ಹಂತಕ್ಕೆ ಹೋಗಿದ್ದರೆ ಮಾತ್ರ ಕೈ ಸೋಲುತ್ತದೆಯೇ ಹೊರತು ಲೈಟ್ ತಿಳಿಯಾಗುವುದಿಲ್ಲ.

ಥಿನ್ನರ್, ಪೆಟ್ರೋಲ್, ಸೊಳ್ಳೆ ಓಡಿಸುವ ಸ್ಪ್ರೇ ಇವುಗಳನ್ನು ಲೈಟಿನ ಹತ್ತಿರ ತರಲೇಬೇಡಿ. ಒರೆಸಿದ ಕ್ಷಣ ಫಳಫಳ ಎನ್ನುತ್ತದೆ, ಏಕೆಂದರೆ ಪ್ಲಾಸ್ಟಿಕ್ಕಿನ ಮೇಲ್ಮೈ ಕರಗಿರುತ್ತದೆ. ಆಮೇಲೆ ಒಳಗೆ ಕೂದಲೆಳೆಯಂಥ ಬಿರುಕುಗಳು ಎದ್ದರೆ ಯಾವ ಪಾಲಿಶಿನಿಂದಲೂ ಹೋಗುವುದಿಲ್ಲ.

ಇನ್ನು ಆನ್‌ಲೈನಿನಲ್ಲಿ ತರಿಸಿದ, ಹೆಡ್‌ಲೈಟ್ ತಿಳಿ ಮಾಡುವ ಕಿಟ್. ಹಣ ದಂಡವಾಗಿದ್ದು ಇದರಲ್ಲೇ. ವಾಟರ್ ಪೇಪರಿನ ನಂಬರ್ ಕಡಿಮೆಯಾದಷ್ಟೂ ಪೇಪರ್ ಒರಟು; ಕಿಟ್‌ನಲ್ಲಿದ್ದ ಅತಿ ಒರಟು ಪೇಪರ್ 1500. ಕೆಟ್ಟು ಸಡಿಲಾದ ಪದರವನ್ನು 1500 ತೆಗೆಯುತ್ತದೆ. ಇನ್ನೂ ಗಟ್ಟಿಯಾಗಿ ಕೂತಿರುವ ಪದರವನ್ನು ಕೈಯಲ್ಲಿ ಎಷ್ಟು ಉಜ್ಜಿದರೂ ತೆಗೆಯುವುದಿಲ್ಲ. ಪರಿಣಾಮವಾಗಿ ಲೈಟಿನ ಮೇಲರ್ಧ ಬರೀ ಪ್ಲಾಸ್ಟಿಕ್, ಕೆಳಗರ್ಧ ಹಳೇ ಪದರ, ನಡುವೆ ಭೂಪಟದ ಗಡಿಯಂತೆ ಅಂಕುಡೊಂಕು ಗೆರೆ. ಕಾಂಪೌಂಡ್ ಹಾಕಿದಷ್ಟೂ ಆ ಗೆರೆ ಇನ್ನೂ ಎದ್ದು ಕಾಣುತ್ತದೆ. ರಾತ್ರಿ ಬಲ್ಬ್ ಹಾಕಿದರಂತೂ ಗೋಡೆಯ ಮೇಲೆ ಬೆಳಕು ತೇಪೆ ತೇಪೆಯಾಗಿ ಬೀಳುತ್ತದೆ.

ಹೆಚ್ಚಿನವರು ಇದನ್ನು ಪಾಲಿಶ್ ಸಾಲದ ಗುರುತೆಂದುಕೊಂಡು ಇನ್ನಷ್ಟು ಉಜ್ಜುತ್ತಾರೆ. ನಿಜಕ್ಕೂ ಆಗಬೇಕಾದ್ದು ಪಾಲಿಶ್ ನಿಲ್ಲಿಸಿ ಮತ್ತೆ ಒರಟು ಪೇಪರಿಗೆ ಹೋಗುವುದು. 800ರಲ್ಲಿ ಶುರು ಮಾಡಿ, ಅದೂ ಜಗ್ಗದಿದ್ದರೆ 600. ಪದರ ಹೋಯಿತೋ ಇಲ್ಲವೋ ಎಂದು ತಿಳಿಯಲು ಎರಡು ಗುರುತು. ಒಂದು, ಇಳಿಯುವ ರಾಡಿ: ಮೊದಲು ಹಳದಿ ಬೆರೆತ ಹಾಲಿನಂತಿರುತ್ತದೆ, ಪ್ಲಾಸ್ಟಿಕ್ ಸಿಕ್ಕ ಮೇಲೆ ಅಚ್ಚ ಬಿಳಿ. ಎರಡನೆಯದು ಇನ್ನೂ ಖಚಿತ: ನೀರು ಒರೆಸಿ, ಎರಡು ನಿಮಿಷ ಒಣಗಲು ಬಿಟ್ಟು, ಓರೆಯಾಗಿ ನೋಡಿ. ಪ್ಲಾಸ್ಟಿಕ್ ಎಲ್ಲೆಡೆ ಒಂದೇ ಸಮ ಬೂದು-ಬಿಳಿಯಾಗಿರಬೇಕು. ಉಳಿದ ಪದರ ಚೂಪು ಅಂಚಿನ, ಹೊಳಪಿನ ದ್ವೀಪಗಳಂತೆ ಕಾಣುತ್ತದೆ. ಒದ್ದೆಯಿದ್ದಾಗ ಈ ದ್ವೀಪಗಳು ಮಾಯವಾಗುತ್ತವೆ, ಹಾಗಾಗಿ ಒಣಗಿಸದೆ ಮುಂದಿನ ನಂಬರಿಗೆ ಹೋಗಬಾರದು. ಕೆಳಗಿನ ಮೂಲೆ, ಬಾನೆಟ್ ಅಡಿಯ ಅಂಚು ಇವೆರಡು ಕಡೆ ಹೆಚ್ಚಾಗಿ ಉಳಿದಿರುತ್ತವೆ. ಇಡೀ ಕೆಲಸದ ಅರ್ಧ ಸಮಯ ಈ ಒಂದು ಹಂತಕ್ಕೇ ಹೋಗುತ್ತದೆ, ಹೋಗಲಿ.

ಉಜ್ಜುವ ಕ್ರಮ ಹೀಗೆ. ಸುತ್ತಲ ಪೇಂಟಿಗೆ ಎರಡು ಮೂರು ಪದರ ಮಾಸ್ಕಿಂಗ್ ಟೇಪ್. ವಾಟರ್ ಪೇಪರಿನ ಹಾಳೆಯನ್ನು ನಾಲ್ಕು ಭಾಗ ಮಾಡಿ ಹತ್ತು ನಿಮಿಷ ನೆನೆಸಿ, ಬಕೆಟ್ ನೀರಿಗೆ ಎರಡು ಹನಿ ಕಾರ್ ಶಾಂಪೂ ಹಾಕಿ. ಬೆರಳಿನಿಂದ ಒತ್ತಿ ಉಜ್ಜಿದರೆ ಬೆರಳಿನ ಸಾಲೇ ಮೂಡುತ್ತದೆ, ಪೇಪರಿನ ಹಿಂದೆ ಸ್ಪಂಜಿನ ತುಂಡು ಇರಲಿ. 800 ಅಡ್ಡಡ್ಡ, 1000 ಉದ್ದುದ್ದ, ಹೀಗೆ ಪ್ರತಿ ನಂಬರಿಗೂ ದಿಕ್ಕು ಬದಲಿಸಿ. ಹಿಂದಿನ ಗೀರು ಒಂದೂ ಕಾಣದಾದಾಗ ಆ ನಂಬರ್ ಮುಗಿಯಿತೆಂದು ಅರ್ಥ. ನಂಬರ್ ಬದಲಾದಾಗಲೆಲ್ಲ ನೀರನ್ನೂ ಚೆಲ್ಲಿ ಹೊಸದು ತುಂಬಿ. 800ರ ಒಂದೇ ಒಂದು ಹರಳು ಉಳಿದರೂ 2000ದ ಕೆಲಸ ಕೆಡುತ್ತದೆ.

ಇಲ್ಲಿಂದ ದಾರಿ ಎರಡಾಗುತ್ತದೆ. ವ್ಯಾಕ್ಸ್ ಸಾಕು ಎನ್ನುವವರು 1500, 2000, 3000 ಎಲ್ಲ ಮುಗಿಸಿ ಕಾಂಪೌಂಡ್ ಹಾಕಲೇಬೇಕು. ಮೆಷಿನ್ ಇಲ್ಲದೆ ಕೈಯಲ್ಲಿ ಉಜ್ಜುವವರು 3000 ಬಿಡುವಂತೆಯೇ ಇಲ್ಲ, 2000ದ ಗೀರನ್ನು ಕೈ ಬಲದಿಂದ ತೆಗೆಯುವುದು ಬಹಳ ಕಷ್ಟ. 2ಕೆ ಹೊಡೆಯುವವರು 1000ಕ್ಕೇ ನಿಲ್ಲಬೇಕು. ಲೈಟ್ ಆಗ ಹಾಲುಗಾಜಿನಂತಿರುತ್ತದೆ, ನೋಡಿ ಗಾಬರಿಯಾಗಬೇಡಿ. ಆ ಸಣ್ಣ ಗೀರುಗಳಲ್ಲಿ ಕ್ಲಿಯರ್ ತುಂಬಿಕೊಂಡ ಕೂಡಲೇ ತಿಳಿಯಾಗುತ್ತದೆ. ಕನ್ನಡಿಯಂತೆ ಪಾಲಿಶ್ ಮಾಡಿ ಅದರ ಮೇಲೆ ಹೊಡೆದರೆ ಕ್ಲಿಯರಿಗೆ ಹಿಡಿತ ಸಿಗದೆ ಮುಂದೆ ಸಿಪ್ಪೆಯಂತೆ ಏಳುತ್ತದೆ. ಅಂದರೆ ರಟ್ಟೆಗೆ ಕೆಲಸ ಕಡಿಮೆ ಇರುವುದೂ 2ಕೆ ದಾರಿಯಲ್ಲೇ.

2ಕೆ ಡಬ್ಬಿಯ ತಳದ ಪಿನ್ ಒತ್ತಿದರೆ ಒಳಗಿನ ಹಾರ್ಡನರ್ ಬೆರೆಯುತ್ತದೆ. ಆಮೇಲೆ ಒಂದೆರಡು ದಿನಕ್ಕೆ ಡಬ್ಬಿ ಗಟ್ಟಿಯಾಗುವುದರಿಂದ ಎರಡೂ ಲೈಟ್ ಸಿದ್ಧವಾಗುವವರೆಗೆ ಪಿನ್ ಮುಟ್ಟಬೇಡಿ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಒಂದು ಗೇಣು ದೂರದಿಂದ ಮೊದಲ ಕೋಟ್ ಇಬ್ಬನಿ ಕೂತಷ್ಟೇ ತೆಳ್ಳಗೆ, ಹತ್ತು ನಿಮಿಷ ಬಿಟ್ಟು ಇನ್ನೆರಡು ಕೋಟ್. ದಪ್ಪ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ. ಮಳೆಗಾಲದ ತೇವದಲ್ಲಿ ಹಾಲಿನಂತೆ ಮಂಕಾಗುತ್ತದೆ, ಕರಾವಳಿ, ಮಲೆನಾಡಿನವರು ಒಣ ಹವೆಗೆ ಕಾಯುವುದೇ ಸರಿ. ಇದರ ಹಾರ್ಡನರಿನಲ್ಲಿ ಐಸೊಸಯನೇಟ್ ಇದೆ, ಶ್ವಾಸಕೋಶಕ್ಕೆ ನಿಜವಾಗಿ ಅಪಾಯ. ಬಟ್ಟೆ ಮಾಸ್ಕ್, ಧೂಳಿನ ಮಾಸ್ಕ್ ಲೆಕ್ಕಕ್ಕಿಲ್ಲ. ಆರ್ಗ್ಯಾನಿಕ್ ವೇಪರ್ (ರಾಸಾಯನಿಕ ಆವಿ ಹೀರುವ) ಕಾರ್ಟ್ರಿಡ್ಜ್ ಜೊತೆಗೆ ಸ್ಪ್ರೇ ಹನಿ ತಡೆಯುವ ಫಿಲ್ಟರೂ ಇರುವ ಮಾಸ್ಕ್, ಕೈಗವಸು, ಕನ್ನಡಕ, ಬಯಲು ಜಾಗ ಇಷ್ಟಿಲ್ಲದಿದ್ದರೆ ಈ ದಾರಿಯೇ ಬೇಡ, ಕ್ಲಿಯರನ್ನು ಪೇಂಟ್ ಬೂತ್ ಇರುವ ಟಿಂಕರಿಂಗ್ ಶಾಪಿನಲ್ಲಿ ಹೊಡೆಸಿ. ಹಾರ್ಡನರ್ ಇಲ್ಲದ ಸಾದಾ ಸ್ಪ್ರೇ ಲ್ಯಾಕರ್ ಅಗ್ಗ, ಆದರೆ ಬೇಗ ಹಳದಿಯಾಗಿ ಏಳುತ್ತದೆ.

ಮನೆಯಲ್ಲಿ ನೆರಳಿನ ಪಾರ್ಕಿಂಗ್ ಇದ್ದು, ಪ್ರತಿ ಭಾನುವಾರ ಕಾರು ತೊಳೆಯುವ ಅಭ್ಯಾಸ ಇರುವವರಿಗೆ 3000, ಕಾಂಪೌಂಡ್, ಎರಡು ತಿಂಗಳಿಗೊಮ್ಮೆ ವ್ಯಾಕ್ಸ್ ಸಾಕು. ಪೇಪರುಗಳಿಗೆ ಇನ್ನೂರು ರೂಪಾಯಿಯೂ ಆಗುವುದಿಲ್ಲ. ದಿನವಿಡೀ ಬಿಸಿಲಲ್ಲಿ ನಿಲ್ಲುವ, ವ್ಯಾಕ್ಸಿನ ನೆನಪೇ ಆಗದ ಕಾರಿಗೆ 2ಕೆ ಖರ್ಚು ದಂಡವಲ್ಲ. ಮೊದಲು ಹೇಳಿದ ಹ್ಯಾಚ್‌ಬ್ಯಾಕಿನಲ್ಲಿ 2ಕೆ ಹೊಡೆದು ಎರಡು ಬೇಸಿಗೆ ದಾಟಿದೆ, ಮೇಲಿನ ಅಂಚು ಇನ್ನೂ ತಿಳಿಯಾಗಿದೆ. ಹೊಸ ಲೈಟ್ ಹಾಕಿಸುವುದು ಒಳಗಿನ ರಿಫ್ಲೆಕ್ಟರ್ ಸುಟ್ಟಿದ್ದರೆ ಅಥವಾ ಒಳಗೆ ನೀರು ಹೋಗಿದ್ದರೆ ಮಾತ್ರ.

ಕ್ಲಿಯರ್ ಹೊಡೆದ ಮೇಲೆ 24 ಗಂಟೆ ನೀರು ತಾಗಿಸಬೇಡಿ, ಮೊದಲ ವಾರ ಶಾಂಪೂ, ವ್ಯಾಕ್ಸ್ ಎರಡೂ ಬೇಡ. ಟೇಪನ್ನು ಮಾತ್ರ ಕೊನೆಯ ಕೋಟ್ ಅರ್ಧ ಒಣಗಿದಾಗಲೇ ಕೀಳಿ. ಪೂರ್ತಿ ಒಣಗಿದ ಮೇಲೆ ಕಿತ್ತರೆ ಅಂಚಿನ ಕ್ಲಿಯರ್ ಟೇಪಿನ ಜೊತೆಗೇ ಎದ್ದು ಬರುತ್ತದೆ.